ರೆಕ್ಕೆಯಕ್ಕ ಕೊಟ್ಟ ಮಾತು

ಟೈರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾರುಗಳಿಗೆ ರೆಕ್ಕೆ ಮಾಡಿ ಕೂರಿಸುವ ಹೆಂಗಸನ್ನು ಆ ಬೀದಿಯವರೆಲ್ಲ ರೆಕ್ಕೆಯಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಅದನ್ನು ಸ್ಪಾಯ್ಲರ್ ಅನ್ನುತ್ತಿದ್ದರು. ಅಕ್ಕನ ಬಾಯಲ್ಲಿ ಅದು ರೆಕ್ಕೆಯೇ. ಡಿಕ್ಕಿಯ ಮೇಲೆ ಎರಡು ಗಿಡ್ಡ ಕಾಲೂರಿ ನಿಂತು, ಹಿಂದೆ ಬರುವವರಿಗೆ ಠೀವಿ ತೋರಿಸುವ ಅಡ್ಡ ಹಲಗೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ನೀರಿನ ಟ್ಯಾಂಕುಗಳ ದಾರಿಯಿಂದ. ಮದುವೆಗೆ ಮುಂಚೆ ಆಕೆ ಫೈಬರ್ ಕಾರ್ಖಾನೆಯೊಂದರಲ್ಲಿದ್ದಳು. ಅಲ್ಲಿ ಟ್ಯಾಂಕುಗಳನ್ನೂ ಪಾರ್ಕಿನ ಮಕ್ಕಳ ಜಾರುಬಂಡೆಗಳನ್ನೂ ಮಾಡುತ್ತಿದ್ದರು. ಅಚ್ಚಿನ ಮೇಲೆ ಗಾಜಿನ ನಾರಿನ ಚಾಪೆ ಹಾಸುವುದು, ಅಂಟು ಬಳಿಯುವುದು, ಗುಳ್ಳೆ ಏಳದಂತೆ ರೋಲರ್ ಉರುಳಿಸುವುದು, ಒಣಗಿದ ಮೇಲೆ ಮಗುವನ್ನು ತೊಟ್ಟಿಲಿನಿಂದ ಎತ್ತುವಷ್ಟು ಹುಷಾರಾಗಿ ಬಿಡಿಸುವುದು. ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮಾಡಿದವರೇ ಮೊದಲು ಬಳಸಿ ತೋರಿಸಬೇಕು. ಟ್ಯಾಂಕ್ ಸೋರಿದರೆ ಮಾಡಿದವರೇ ಒಳಗಿಳಿದು ಬಿರುಕು ಹುಡುಕಬೇಕು. ಜಾರುಬಂಡೆ ಆದರೆ ಮಾಡಿದವರೇ ಮೊದಲು ಜಾರಬೇಕು. ಅಕ್ಕ ಅಲ್ಲಿದ್ದಷ್ಟು ಕಾಲ ತಾನು ಮಾಡಿದ ಒಂದೊಂದು ಜಾರುಬಂಡೆಯನ್ನೂ ಹತ್ತಿ, ಕೂಗುತ್ತಾ ಜಾರಿದವಳು. ಸಂಬಳ ಕೊಟ್ಟು ಜಾರಿಸುವ ಕೆಲಸ ಇನ್ನೆಲ್ಲಿ ಸಿಗುತ್ತದೆ ಎಂದು ಈಗಲೂ ನಗುತ್ತಾಳೆ.

ಮದುವೆಯಾಗಿ ಬಂದ ಮೇಲೆ, ಯಾರೋ ಒಬ್ಬ ಕಾರಿನವನು ಮುರಿದ ಸ್ಪಾಯ್ಲರ್ ಹಿಡಿದುಕೊಂಡು ಟೈರ್ ಅಂಗಡಿಯ ಮುಂದೆ ಮುಖ ಬಾಡಿಸಿಕೊಂಡು ನಿಂತಿದ್ದ. ಅಕ್ಕ ಅದನ್ನು ಇಸಿದುಕೊಂಡು ಅಂಟಿಸಿದಳು, ಅಂಟಿಸಿದ್ದರಿಂದಲೇ ಅಚ್ಚು ತೆಗೆದಳು, ಅಚ್ಚಿನಿಂದ ಹೊಸದೊಂದನ್ನು ಮಾಡಿದಳು. ಹೊಸದು ಹಳೆಯದಕ್ಕಿಂತ ಚೆಂದವಾಗಿತ್ತು. ಅಲ್ಲಿಂದ ಶೆಡ್ಡು ಶುರುವಾಯಿತು. ಗಂಡ ಪಕ್ಕದಲ್ಲೇ ಬಣ್ಣ ಹೊಡೆಯುತ್ತಾನೆ. ಹಗಲೆಲ್ಲ ಮೂಗುಬಾಯಿಗೆ ಮುಖವಾಡ ಇರುವುದರಿಂದ ಅವನ ಮಾತು ಕೇಳಿದವರು ಕಡಿಮೆ. ಮನೆಯ ಮಾತಿನ ಪಾಲನ್ನೆಲ್ಲ ಅವನ ಅಪ್ಪ ಆಡುತ್ತಾರೆ.

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರೆ ಸೊಸೆಯ ಕಾಲೆಳೆಯುವುದೇ ಅವರ ಕೆಲಸ.

"ಎಂಜಿನ್ ಮುಂದೆ, ಎಳೆಯೋ ಚಕ್ರ ಮುಂದೆ, ನೀನು ಮಾತ್ರ ರೆಕ್ಕೆನ ಹಿಂದೆ ಇಡ್ತೀಯಲ್ಲಮ್ಮ. ಚಳಿ ಆಗೋದು ಕಿವಿಗೆ, ನೀನು ಮಫ್ಲರ್ ಸುತ್ತೋದು ಮೊಣಕಾಲಿಗೆ."

"ನಿಮ್ಮ ಬಸ್ಸಿನ ಹಿಂದೆ ಏಣಿ ಇತ್ತಲ್ಲ ಮಾವ, ಅದರಿಂದ ಬಸ್ಸು ಜೋರಾಗಿ ಓಡ್ತಿತ್ತಾ?"

"ಏಣಿ ಹತ್ತೋಕಾದ್ರೂ ಆಗ್ತಿತ್ತು."

"ನನ್ನ ರೆಕ್ಕೆ ಕೂರೋಕಾಗುತ್ತೆ, ನೋಡಿ!" ಎನ್ನುತ್ತಾ ಅಕ್ಕ ಹೊಸದಾಗಿ ಬಿಗಿದ ರೆಕ್ಕೆಯ ಮೇಲೆ ಹತ್ತಿ ಕೂತೇಬಿಡುತ್ತಿದ್ದಳು.

ಇದು ಬರೀ ತಮಾಷೆಯಾಗಿರಲಿಲ್ಲ. ಅಕ್ಕ ಗಿರಾಕಿಗಳಿಗೆ ರೆಕ್ಕೆಯ ಗುಣ ತೋರಿಸುತ್ತಿದ್ದುದೇ ಹೀಗೆ. ಜಾರುಬಂಡೆಯ ಕಾಲದ ಅಭ್ಯಾಸ. ಡಿಕ್ಕಿಯ ಒಳಗಿನಿಂದ ತಗಡು ಕೊಟ್ಟು ಬೋಲ್ಟು ಬಿಗಿದು, ರೆಕ್ಕೆಯ ಮೇಲೆ ತಾನೇ ಕೂರುವಳು. ಕಾರಿನ ಹಿಂಭಾಗ ಸ್ಪ್ರಿಂಗಿನ ಮೇಲೆ ಕುಸಿಯುವುದು. "ನೋಡಿದ್ರಾ? ಗಾಡಿ ಹೇಗೆ ನೆಲ ಕಚ್ಚಿ ಕೂರುತ್ತೆ!" ಎನ್ನುವಳು. ಗಿರಾಕಿಯ ಕಣ್ಣು ಅರಳುವುದು. ಅಕ್ಕನೂ ಮನಸಾರೆ ನಂಬಿಕೊಂಡೇ ಹೇಳುತ್ತಿದ್ದಳು.

ಅಕ್ಕನಿಗೊಬ್ಬ ತಮ್ಮ. ಶಾಲೆಯ ವ್ಯಾನ್ ಓಡಿಸುತ್ತಾನೆ. ವಾರವಿಡೀ ಮಕ್ಕಳನ್ನು ಕೂರಿಸಿಕೊಂಡು ಬಾತುಕೋಳಿಯ ಹಾಗೆ ಮೆಲ್ಲಗೆ ಹೋಗುವ ಮನುಷ್ಯ, ವರ್ಷಕ್ಕೊಮ್ಮೆ ತನ್ನ ಪುಟ್ಟ ಕಾರನ್ನು ಹಳೆಯ ರನ್‌ವೇ ಪಟ್ಟಿಗೆ ಒಯ್ಯುತ್ತಾನೆ. ವಿಮಾನ ಇಳಿಯುವುದು ನಿಂತುಹೋದ ಆ ಪಟ್ಟಿಯಲ್ಲಿ ಕಾರು ಕ್ಲಬ್ಬಿನವರು ಪ್ಲಾಸ್ಟಿಕ್ ಕೋನುಗಳನ್ನಿಟ್ಟು ದಾರಿ ಮಾಡಿ, ಒಬ್ಬೊಬ್ಬರನ್ನೇ ಬಿಟ್ಟು, ಯಾರು ಎಷ್ಟು ಬೇಗ ಮುಗಿಸುತ್ತಾರೆಂದು ವೇಳೆ ನೋಡುತ್ತಾರೆ. ಅದೇ ಅವನ ಹಬ್ಬ. ಹಿಂದಿನ ವರ್ಷ ಉದ್ದನೆಯ ತಿರುವಿನಲ್ಲಿ ವೇಗ ಜಾಸ್ತಿಯಾಯಿತೆನಿಸಿ ಅವನು ಗಕ್ಕನೆ ಆಕ್ಸಿಲರೇಟರ್‌ನಿಂದ ಕಾಲೆತ್ತಿದ್ದ. ಎತ್ತಿದ್ದೇ ತಡ, ಹಿಂಭಾಗ ಜಾರಿ, ಕಾರು ಬುಗುರಿಯಂತೆ ಸುತ್ತಿ ಹುಲ್ಲಿನಲ್ಲಿ ಹೋಗಿ ನಿಂತಿತು. ಏನೂ ಆಗಲಿಲ್ಲ. ಆದರೆ ಹೆಂಡತಿ ನೋಡಿಬಿಟ್ಟಿದ್ದಳು. ಅಂದೇ ಕಾರಿನ ಬೀಗದ ಕೈ ಅವಳ ಉಲ್ಲನ್ ಬುಟ್ಟಿ ಸೇರಿತು. ಮನೆಯಲ್ಲೇ ಸ್ವೆಟರ್ ಹೆಣೆದು ಮಾರುವ ಅವಳ ಬುಟ್ಟಿಗೆ ಕೈ ಹಾಕುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈ ವರ್ಷ ಮತ್ತೆ ಆ ದಿನ ಹತ್ತಿರ ಬಂದಾಗ ತಮ್ಮ ಹೆಂಡತಿಯನ್ನು ಅಕ್ಕನ ಶೆಡ್ಡಿಗೇ ಕರೆತಂದ.

"ಅತ್ತಿಗೆ, ಇವರ ಮಾತು ಬಿಡಿ," ಅಂದಳು ಅವಳು. "ನೀವು ಹೇಳಿ. ನಿಮ್ಮ ರೆಕ್ಕೆ ಹಾಕಿದ್ರೆ ಹಿಂಭಾಗ ಜಾರಲ್ವಾ?"

"ಜಾರಲ್ಲ ಕಣೇ. ನಾನೇ ಕೂತು ನೋಡಿದೀನಿ."

"ನೀವು ಹೇಳಿದ್ಮೇಲೆ ಮುಗೀತು. ಇದೊಂದು ಸಲ ಓಡಿಸಲಿ. ಮತ್ತೆ ಜಾರ್ತೋ, ಇದೇ ಕೊನೆ. ಆಮೇಲೆ ಆ ಪಟ್ಟಿ ಕಡೆ ತಲೆ ಹಾಕಿಯೂ ಮಲಗಬಾರದು."

ತಮ್ಮ ಕುಣಿದಾಡಿದ. ಅಕ್ಕ ಮಾತ್ರ ಒಣಗಲು ಇಟ್ಟಿದ್ದ ರೆಕ್ಕೆಯೊಂದನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಗಿರಾಕಿಗಳಿಗೆ ಹೇಳುವುದು ಬೇರೆ. ಈಗ ಆ ಮಾತಿನ ಮೇಲೆ ತಮ್ಮ ಕೂತು ಓಡಿಸುತ್ತಾನೆ.

ಮರುದಿನ ತಮ್ಮನ ಕಾರಿಗೆ ಅಚ್ಚುಕಟ್ಟಾದ ರೆಕ್ಕೆ ಬಿಗಿದು ಅಕ್ಕ ಎಂದಿನಂತೆ ಹತ್ತಿ ಕೂತಳು. ಮಾವ ಅಂದು ಕುರ್ಚಿಯಿಂದ ಎದ್ದು ಬಂದರು. "ಇಳಿಯಮ್ಮ ಒಂದ್ನಿಮಿಷ," ಅಂದರು. ಮುಂದಿನ ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವಿನ ಸಂದಿಯಲ್ಲಿ ಬೆರಳುಗಳನ್ನು ಜೋಡಿಸಿ ತೂರಿಸಿದರು. ಬಿಗಿಯಾಗಿ ಕೂತವು. "ಈಗ ಹತ್ತು." ಅಕ್ಕ ಹತ್ತಿದಳು. ಬಿಗಿಯಾಗಿದ್ದ ಬೆರಳುಗಳು ಸಡಿಲಾಗಿ ಆಡತೊಡಗಿದವು.

"ನೋಡು. ನೀನು ಬಾಲದ ಮೇಲೆ ಕೂತ್ರೆ ಮೂತಿ ಏಳುತ್ತೆ. ಎಳೆಯೋ ಚಕ್ರದ ಹಿಡಿತ ಅಷ್ಟು ಕಮ್ಮಿ ಆಯ್ತು. ಇದು ಒಂದು. ಇನ್ನು ಗಾಳಿ ನಿನ್ನ ಹಾಗೆ ಬಂದು ಕೂರುತ್ತಾ? ಅದನ್ನ ಯಾರಮ್ಮ ನೋಡಿದ್ದಾರೆ?"

"ನನ್ನಷ್ಟು ತೂಕದ ಗಾಳಿ ಬೀಸಿದ್ರೆ ಊರೇ ಹಾರಿಹೋಗುತ್ತೆ ಮಾವ," ಎಂದು ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕೆಳಗಿಳಿದು ಕಾರಿನ ಸುತ್ತ ಒಂದು ಸುತ್ತು ಬಂದಳು.

"ಆದ್ರೆ ಮಾವ, ಅವನು ಹುಲ್ಲಿಗೆ ಹೋಗಿದ್ದು ಮುಂದಿನ ಚಕ್ರ ಎಳೀಲಿಲ್ಲ ಅಂತ ಅಲ್ಲ. ಕಾಲೆತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂತು, ಬಾಲ ಹಗುರ ಆಗಿ ಜಾರ್ತು. ಅವನಿಗೆ ಬೇಕಿರೋದು ಬಾಲದ ಮೇಲೆ ಭಾರ ತಾನೆ?"

ಮಾವ ಗಡ್ಡ ಕೆರೆದುಕೊಂಡರು. ಖಾಲಿ ಬಸ್ಸಿನ ಹಿಂಭಾಗ ಮಳೆಯಲ್ಲಿ ಕುಣಿಯುತ್ತಿದ್ದುದು ಅವರಿಗೆ ನೆನಪಾಗಿರಬೇಕು. "ಅದು ನಿಜ ಕಣಮ್ಮ," ಅಂದರು, ಸೊಸೆಗೆ ಸೋಲುವುದು ಅಭ್ಯಾಸವಿಲ್ಲದ ದನಿಯಲ್ಲಿ. "ಆದ್ರೆ ಮೊದಲು ಗಾಳಿ ಬಂದು ಕೂತ್ಕೋಬೇಕಲ್ಲ."

ಗಾಳಿಯನ್ನು ನೋಡುವುದು ಹೇಗೆ? ಅಕ್ಕನಿಗೆ ಹೊಳೆದದ್ದು ಶೆಡ್ಡಿನ ಫ್ಯಾನು. ಫ್ಯಾನು ತಿರುಗುತ್ತಿದೆಯೇ ಎಂದು ತಿಳಿಯಲು ಅದರ ಜಾಲರಿಗೆ ಒಂದು ನೂಲು ಕಟ್ಟಿದ್ದಳು. ಅವಳು ನೇರ ತಮ್ಮನ ಮನೆಗೆ ನಡೆದು, ಉಲ್ಲನ್ ಬುಟ್ಟಿಯ ಮುಂದೆ ಕೂತಳು.

"ನಿನ್ನ ಹತ್ರ ತುಂಡು ಉಲ್ಲನ್ ಇದ್ದಷ್ಟೂ ಕೊಡೇ. ಕಾರಿಗೆ ಅಂಟಿಸ್ಬೇಕು. ಗಾಳಿ ಎಲ್ಲಿ ಹೋಗುತ್ತೆ ನೋಡ್ಬೇಕು."

"ಅಂದ್ರೆ ನೀವು ಇಷ್ಟು ದಿನ ನೋಡಿಲ್ವಾ ಅತ್ತಿಗೆ?"

"ಗಾಳಿ ಕೂತಿದ್ದು ನೋಡಿಲ್ಲ. ನಾನು ಕೂತಿದ್ದು ನೋಡಿದೀನಿ, ಅಷ್ಟೆ."

ತಮ್ಮನ ಹೆಂಡತಿ ಅತ್ತಿಗೆಯ ಮುಖವನ್ನೇ ದಿಟ್ಟಿಸಿದಳು. ಬೈಯುತ್ತಾಳೇನೋ ಎಂದು ಅಕ್ಕ ಕಾದಳು. ಅವಳು ಕತ್ತರಿ ತೆಗೆದುಕೊಂಡು ಉಲ್ಲನ್ ಕತ್ತರಿಸತೊಡಗಿದಳು. "ನಾನೂ ಬರ್ತೀನಿ. ನನ್ನ ಕಣ್ಣಾರೆ ನೋಡ್ಬೇಕು."

ಅಭ್ಯಾಸಕ್ಕೆಂದು ಪಟ್ಟಿಯನ್ನು ತೆರೆದಿಟ್ಟ ದಿನ ಆ ಕಾರು ಬಂದಾಗ ಕ್ಲಬ್ಬಿನವರು ತಮ್ಮ ಕೆಲಸ ಬಿಟ್ಟು ನಿಂತು ನೋಡಿದರು. ಕಾರಿನ ನೆತ್ತಿಯ ಮಾಡು, ಹಿಂದಿನ ಗಾಜು, ಡಿಕ್ಕಿ, ರೆಕ್ಕೆ, ಎಲ್ಲ ಕಡೆ ಕೆಂಪು, ಹಳದಿ, ನೀಲಿ ನೂಲುಗಳು. ಕಾರಿಗೆ ಒಂದೇ ದಿನದಲ್ಲಿ ಮೀಸೆ ಮೊಳೆತಂತಿತ್ತು. "ಚಳಿಗಾಲಕ್ಕೆ ಸ್ವೆಟರ್ ಹಾಕಿಸ್ತಿದ್ದೀರಾ?" ಎಂದು ಯಾರೋ ಕೂಗಿದರು. "ಅಳತೆ ತಗೊಳ್ತಿದೀವಿ!" ಎಂದು ತಮ್ಮನ ಹೆಂಡತಿ ತಿರುಗಿ ಕೂಗಿದಳು.

ತಮ್ಮ ಓಡಿಸಿದ. ಟೈರ್ ಅಂಗಡಿಯವನು ತನ್ನ ಕಾರನ್ನು ಪಕ್ಕದಲ್ಲೇ ಅದೇ ವೇಗದಲ್ಲಿ ಬಿಟ್ಟ. ಅದರಲ್ಲಿ ಅಕ್ಕ, ಮಾವ, ತಮ್ಮನ ಹೆಂಡತಿ ಮೂವರೂ ಒಂದೇ ಕಿಟಕಿಗೆ ಮುಖ ತುರುಕಿಕೊಂಡು ಕೂತರು. ಮಾಡಿನ ಮೇಲಿನ ನೂಲುಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಮಲಗಿದ್ದವು. ಮಾಡು ಮುಗಿದು ಹಿಂದಿನ ಗಾಜು ಇಳಿಯುವಲ್ಲಿ ಅವು ದಿಕ್ಕು ತಪ್ಪಿದವು. ಕೆಲವು ಸುತ್ತುತ್ತಿದ್ದವು, ಕೆಲವು ಮುಂದಕ್ಕೇ ಬಾಗಿದ್ದವು. ರೆಕ್ಕೆಯ ಮೇಲಿನವಂತೂ ಕುಡಿದವರ ಹಾಗೆ ತೂರಾಡುತ್ತಿದ್ದವು. ಗಾಳಿಯ ಹೊಳೆಯೆಲ್ಲ ಮಾಡಿನಿಂದ ನೇರ ಹಾರಿ ರೆಕ್ಕೆಯ ತಲೆಯ ಮೇಲಿಂದ ಹೊರಟುಹೋಗುತ್ತಿತ್ತು.

"ನಿನ್ನ ರೆಕ್ಕೆ ನೆರಳಲ್ಲಿ ಮಲಗಿ ನಿದ್ದೆ ಹೊಡೀತಿದೆ ಕಣಮ್ಮ!" ಎಂದು ಮಾವ ತೊಡೆ ತಟ್ಟಿಕೊಂಡರು.

ಅಕ್ಕನಿಗೆ ನಗು ಬಂತು. ಎಂಥ ನಗು! ತಾನು ಹತ್ತಿ ಹತ್ತಿ ಕೂತ ಅಷ್ಟೂ ರೆಕ್ಕೆಗಳು ಬೀದಿಬೀದಿಯಲ್ಲಿ ನಿದ್ದೆ ಹೊಡೆಯುತ್ತಾ ತಿರುಗುತ್ತಿರುವುದನ್ನು ನೆನೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಳಿದಿಬ್ಬರಿಗೂ ಅಂಟಿಕೊಂಡಿತು. ಟೈರ್ ಅಂಗಡಿಯವನು ಏನೆಂದು ತಿಳಿಯದೆಯೇ ನಕ್ಕ.

ನಗು ಇಳಿದ ಮೇಲೆ ಅಕ್ಕ ಡಿಕ್ಕಿಯ ಮೇಲೆ ಒಂದು ಕೋಲು ನಿಲ್ಲಿಸಿ ಬಿಗಿದಳು. ಕೋಲಿನುದ್ದಕ್ಕೂ ಕೆಳಗಿನಿಂದ ಮೇಲಿನವರೆಗೆ ನೂಲು ಕಟ್ಟಿ ಮತ್ತೆ ಓಡಿಸಲು ಹೇಳಿದಳು. ಕೆಳಗಿನವು ತೂರಾಡಿದವು. ಮಾಡಿನ ಎತ್ತರಕ್ಕೆ ಬಂದಾಗ ನೂಲು ನೆಟ್ಟಗೆ ಹಿಂದಕ್ಕೆ ಚಾಚಿತು.

"ಇಲ್ಲಿದೆ ಗಾಳಿ," ಅಂದಳು ಅಕ್ಕ. ಹೊಸ ಮನೆಯ ಜಾಗ ನೋಡಿದವಳ ಮುಖವಾಗಿತ್ತು ಅವಳದು.

ಶೆಡ್ಡಿಗೆ ಬಂದು ಆ ಎತ್ತರಕ್ಕೆ ಕಾಲುಗಳನ್ನು ಮಾಡಿದಳು. ಗಾಳಿ ಹಲಗೆಯನ್ನು ಕೆಳಕ್ಕೆ ಒತ್ತುವಂತೆ ಅದರ ಹಿಂದಿನ ಅಂಚನ್ನು ತುಸು ಮೇಲೆತ್ತಿದಳು. ಚೆಂದ ಮಾತ್ರ ಕೇಳಬೇಡಿ. "ಅಕ್ಕಾ, ಇದರ ಮೇಲೆ ಒಂದು ಮನೆಯ ಬಟ್ಟೆ ಒಣಗಿಸ್ಬಹುದು," ಎಂದು ತಮ್ಮ ಮೂಗು ಮುರಿದ. ಗಂಡ ಮುಖವಾಡ ಸರಿಸಿ, "ಕೆಂಪು ಬಳೀಲಾ?" ಎಂದು ಕೇಳಿದ್ದೇ ಒಂದು ಸುದ್ದಿಯಾಯಿತು.

ಆ ವಾರದಿಂದಲೇ ಗಿರಾಕಿಗಳ ಮುಂದೆ ಅಕ್ಕನ ಮಾತೂ ಬದಲಾಯಿತು. "ಊರೊಳಗೆ ಓಡಿಸೋಕಾ? ಹಾಗಾದ್ರೆ ಇದು ಚೆಂದಕ್ಕೆ ಮಾತ್ರ. ಮುಂದಿನ ಚಕ್ರ ಎಳೆಯೋ ಗಾಡಿಗೆ ಇದರಿಂದ ಎಳೆತ ಒಂದಿಷ್ಟೂ ಹೆಚ್ಚಲ್ಲ. ತುಂಬಾ ಜೋರಾಗಿ ಹೋದಾಗ, ಅದೂ ಗಾಳಿಗೆ ಸಿಗೋ ಹಾಗಿದ್ರೆ, ಬಾಲ ಹಿಡಿಯುತ್ತೆ, ಅಷ್ಟೆ." ಗಿರಾಕಿಗಳು ಕಮ್ಮಿಯಾಗುತ್ತಾರೆಂದು ಮಾವ ಹೆದರಿದ್ದರು. "ಚೆಂದಕ್ಕೇ ಹಾಕಿ ಅಕ್ಕ," ಎಂದು ಬಹಳ ಜನ ಹಾಕಿಸಿಕೊಂಡೇ ಹೋದರು.

ಓಟದ ದಿನ ಬಿಸಿಲು ಚೆನ್ನಾಗಿತ್ತು. ತಮ್ಮನ ಸರದಿ ಬಂದಾಗ ಅವನ ಹೆಂಡತಿ ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಪಕ್ಕ ಅತ್ತಿಗೆಯ ಮುಂಗೈ ಹಿಡಿದು ನಿಂತಳು. ಹಸಿರು ಬಾವುಟ ಬಿತ್ತು. ಮುಂದಿನ ಚಕ್ರಗಳು ಕಿರುಚಿ ಕಾರು ಹೊರಟಿತು. ಅಲ್ಲಿ ರೆಕ್ಕೆಯ ಪಾತ್ರ ಏನೂ ಇರಲಿಲ್ಲ. ಸಣ್ಣ ತಿರುವುಗಳಲ್ಲೂ ಅದು ಸುಮ್ಮನೆ ಸವಾರಿ ಮಾಡುತ್ತಿತ್ತು. ಆಮೇಲೆ ನೇರ ದಾರಿ, ಆಮೇಲೆ ಆ ಉದ್ದನೆಯ ತಿರುವು. ಎಂಜಿನ್ನಿನ ಕೂಗು ಏರಿತು. ತಿರುವಿನ ನಡುವೆ ಕಾರಿನ ಮೂತಿ ಮಾತು ಕೇಳದೆ ಹೊರಗಿನ ಅಂಚಿನತ್ತ ಸರಿಯಿತು. ಒಂದು ಕೋನು ಎಗರಿತು. ಎಂಜಿನ್ನಿನ ಕೂಗು ಥಟ್ಟನೆ ನಿಂತಿತು.

"ಕಾಲೆತ್ತಿದ!" ಅಂದರು ಮಾವ.

ಅಕ್ಕನ ಮುಂಗೈಯಲ್ಲಿ ತಮ್ಮನ ಹೆಂಡತಿಯ ಉಗುರುಗಳು ಊರಿದವು. ಅಕ್ಕ ನೋಡುತ್ತಿದ್ದುದು ಬಾಲವನ್ನು ಮಾತ್ರ. ಅದು ಒಮ್ಮೆ ನಡುಗಿತು. ನಡುಗಿ, ಹಾಗೇ ನಿಂತಿತು. ಮೂತಿ ತಿರುವಿನೊಳಕ್ಕೆ ಮರಳಿತು, ಕಾರು ದಾರಿ ಹಿಡಿದು ಬಂದುಬಿಟ್ಟಿತು.

ತಮ್ಮ ಇಳಿದವನೇ ಅಕ್ಕನನ್ನು ಎತ್ತಲು ಹೋಗಿ, ಆಗದೆ, ಅವಳ ಭುಜ ಕುಲುಕಿದ. "ಬಾಲ ಅಂಟ್ಕೊಂಡ್ಬಿಟ್ಟಿತ್ತು ಅಕ್ಕ! ಕಾಲೆತ್ತಿದ್ರೂ ಜಾರ್ಲಿಲ್ಲ! ಆದ್ರೆ ಮೂತಿ ಮಾತ್ರ ಎಲ್ಲೆಲ್ಲಿಗೋ ಹೋಗುತ್ತೆ."

"ನಾನು ಹೇಳಿರ್ಲಿಲ್ವಾ?" ಅಂದರು ಮಾವ.

"ಅರ್ಧ ನೀವು ಹೇಳಿದ್ರಿ. ಅರ್ಧ ನಾನು ಹೇಳಿದ್ದೆ."

"ಅರ್ಧ ಅರ್ಧ ಸೇರಿ ಒಂದು ಕೋನು ಬಿತ್ತು."

ಕೋನು ಬೀಳಿಸಿದ್ದಕ್ಕೆ ದಂಡ ಸೇರಿ ತಮ್ಮನ ಹೆಸರು ಅದುವರೆಗೆ ಓಡಿಸಿದವರ ಹೆಸರುಗಳ ನಡುವೆ ಎಲ್ಲೋ ನಿಂತಿತು. ಯಾರೂ ಅದನ್ನು ತಿರುಗಿ ನೋಡಲಿಲ್ಲ. ಹಲಗೆಯ ಓರೆ ಜಾಸ್ತಿಯಾಯಿತೆಂದು ಮಾವ, ಕಾಲುಗಳನ್ನು ಮುಂದಕ್ಕೆ ತರಬೇಕಿತ್ತೆಂದು ತಮ್ಮ, ಇಬ್ಬರೂ ಕಾರಿನ ಹಿಂದೆ ನಿಂತು ಜಗಳಕ್ಕಿಳಿದರು.

ತಮ್ಮನ ಹೆಂಡತಿ ಇಬ್ಬರ ನಡುವೆ ನುಗ್ಗಿ ರೆಕ್ಕೆಯ ಅಂಚಿನ ಮೇಲೆ ಕೈಯಿಟ್ಟಳು. "ಎಷ್ಟು ಗಲಾಟೆ! ಅತ್ತಿಗೆ, ಬರೋ ವರ್ಷಕ್ಕೆ ಇದನ್ನ ಸ್ವಲ್ಪ ಮಲಗಿಸಿ. ಮೂತಿ ಕೆಳಗೂ ಏನಾದ್ರೂ ಅಂಟಿಸಿ. ಆಗ ಎರಡೂ ಕಡೆ ಸರಿ ಹೋಗುತ್ತೆ."

ಜಗಳ ನಿಂತಿತು. ತಮ್ಮ ಹೆಂಡತಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ.

"ಏನಂದೆ?"

"ಏನಂದೆ ಅಂದ್ರೆ? ನಿಮಗೆ ಕಿವಿ ಕೇಳಲ್ವಾ? ಮೊದಲು ಹೋಗಿ ಆ ಕೋನು ಎತ್ತಿಟ್ಟು ಬನ್ನಿ, ಪಾಪ ಕ್ಲಬ್ಬಿನವರು ಕಾಯ್ತಿದ್ದಾರೆ."

ತಮ್ಮ ಗೆದ್ದವನಂತೆ ಎರಡೂ ಕೈ ಮೇಲೆತ್ತಿಕೊಂಡು ಹುಲ್ಲಿನ ಮೇಲೆ ಓಡಿದ.