ಗುಂಡಯ್ಯ ತಿರುಗಿಸಿದ ಎಕೋ

ಮೈಕ್ ಸೆಟ್ ಗುಂಡಯ್ಯನಿಗೆ ತುಮಕೂರಿನ ಬಟವಾಡಿಯಿಂದ ಹಿಡಿದು ಗುಬ್ಬಿಯವರೆಗೂ ಕರೆ ಬರುತ್ತಿತ್ತು. ಮದುವೆಗಳಿಗಿಂತ ಚುನಾವಣಾ ಸಭೆಗಳೇ ಅವನಿಗೆ ಇಷ್ಟ. ಕೀರಲು ದನಿಯವನಿಗೂ ಒಂದಿಷ್ಟು ಬೇಸ್, ಮೇಲೊಂದಿಷ್ಟು ಎಕೋ ಕೊಟ್ಟು ಗುಡುಗಿಸುವುದರಲ್ಲಿ ಕುಣಿಗಲ್ ತಾಲ್ಲೂಕಿನಲ್ಲೇ ಅವನಿಗೆ ಸಮ ಇರಲಿಲ್ಲ. ಆದರೆ ಅವನ ಪೆದ್ದುತನ ನೋಡಿ: ತಾನೇ ತಿರುಗಿಸಿದ ಎಕೋಗೆ ತಾನೇ ಮರುಳಾಗುತ್ತಿದ್ದ. ಯಾರ ಭಾಷಣಕ್ಕೆ ಸ್ಪೀಕರ್ ಚೆನ್ನಾಗಿ ಅದುರಿತೋ ಅವರಿಗೇ ಅವನ ಓಟು.

ಹಾಗೆ ಅದುರಿಸಿದವನು ಕೊತ್ತಗೆರೆ ಕಡೆಯ ನಮ್ಮ ಹಳ್ಳಿಯ ಶಿವರಾಜ್. ಐದು ವರ್ಷದ ಹಿಂದೆ ಪಂಚಾಯ್ತಿ ಚುನಾವಣೆಗೆ ನಿಂತು, "ಯುಗಾದಿಯೊಳಗೆ ಮನೆ ಮನೆಗೆ ನಲ್ಲಿ! ಇಲ್ಲದಿದ್ದರೆ ನನ್ನ ಹೆಸರು ಶಿವರಾಜ್ ಅಲ್ಲ!" ಎಂದು ಗುಡುಗಿದ. ಗುಂಡಯ್ಯನ ಕಣ್ಣಲ್ಲಿ ನೀರು ಬಂತು. ಶಿವರಾಜ್ ಗೆದ್ದ. ನಲ್ಲಿ ಬರಲಿಲ್ಲ. ಗುಂಡಯ್ಯನ ಹೆಂಡತಿ ಚಿಕ್ಕಮಾರಮ್ಮ ಮಂಡಿನೋವು ಇಟ್ಟುಕೊಂಡೇ ಊರಾಚೆಯ ಬೋರ್‌ವೆಲ್‌ನಿಂದ ನೀರು ಹೊತ್ತಳು.

ಈ ಸಲ ಶಿವರಾಜ್ ಮತ್ತೆ ನಿಂತ. ಅವನೆದುರು ನಿಂತವಳು ಸ್ತ್ರೀಶಕ್ತಿ ಸಂಘದ ಚೆನ್ನಮ್ಮ.

"ಅಯ್ಯೋ, ಆಯಮ್ಮ ತೊದಲ್ತದೆ ಕಣೇ. ಮೈಕ್ ಹಿಡಿಯಾಕೂ ಬರಲ್ಲ," ಎಂದ ಗುಂಡಯ್ಯ.

ಚಿಕ್ಕಮಾರಮ್ಮ ಬಿಂದಿಗೆ ಕುಕ್ಕಿದಳು. "ಹೋದ್ ಬೇಸ್ಗೇಲಿ ಬೋರಿನ್ ಮೋಟ್ರು ಸುಟ್ಟೋದಾಗ ಮೆಕ್ಯಾನಿಕ್ ಮನೆ ಮುಂದೆ ಎರಡ್ ದಿನ ಕುಂತು ರಿಪೇರಿ ಮಾಡ್ಸಿದ್ಯಾರು? ಆಯಮ್ಮನೇ. ನಿನ್ ಶಿವರಾಜ ಎಲ್ಲಿದ್ದ? ಗಂಟ್ಲು ನೋಡಿ ಓಟಾಕಿದ್ದು ನೀನು, ನೀರು ಹೊತ್ತಿದ್ದು ನಾನು!"

ಆ ಮಾತು ಗುಂಡಯ್ಯನಿಗೆ ಚೆನ್ನಾಗಿಯೇ ನಾಟಿತು.

ಸಭೆಯ ಸಂಜೆ ಶಿವರಾಜ್ ಎಂದಿನಂತೆ ತಡ. ಮೈಕ್ ಪರೀಕ್ಷಿಸಲು ಗುಂಡಯ್ಯ ಯಾವಾಗಲೂ ದೇವರ ಹಾಡು ಹಾಕುತ್ತಿದ್ದ. ಅವತ್ತು ಮಾತ್ರ, ತಾನು ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಶಿವರಾಜ್‌ನ ಹಳೆಯ ಭಾಷಣವನ್ನೇ ಪೆನ್‌ಡ್ರೈವ್‌ನಿಂದ ಹಾಕಿದ. ಒಂದಲ್ಲ, ಮೂರು ಸಲ, ಫುಲ್ ಎಕೋದಲ್ಲಿ. "ಟೆಸ್ಟಿಂಗ್ ಕಣ್ರಪ್ಪ," ಎಂದು ಏನೂ ಅರಿಯದವನ ಮುಖ ಮಾಡಿದ.

ಕೊನೆಗೂ ಶಿವರಾಜ್ ಬಂದ. ಹೊಸ ಭಾಷಣ ಕಲಿಯುವ ಗೋಜಿಗೆ ಮಹಾಶಯ ಹೋಗಿರಲಿಲ್ಲ. "ಯುಗಾದಿಯೊಳಗೆ..." ಎಂದು ಕೈ ಎತ್ತಿದ.

"ಮನೆ ಮನೆಗೆ ನಲ್ಲಿ!" ಎಂದು ಜನ ಒಟ್ಟಿಗೇ ಕೂಗಿದರು.

ಇಷ್ಟೊಂದು ಅಭಿಮಾನ ಕಂಡು ಶಿವರಾಜ್ ಉಬ್ಬಿಹೋದ. "ಇಲ್ಲದಿದ್ದರೆ?" ಎಂದು ಹುರಿದುಂಬಿಸಿದ.

"ನಿನ್ ಹೆಸ್ರು ಶಿವರಾಜ್ ಅಲ್ಲ!"

ಮುಂದೆ ಕೂತಿದ್ದ ಮುದುಕ ಚಿಕ್ಕಬೋರಯ್ಯ ಮೆಲ್ಲಗೆ ಎದ್ದ. "ಅಲ್ಲಪ್ಪಾ, ಐದು ಯುಗಾದಿ ಆಗೋದ್ವಲ್ಲ, ಈಗ ನಿನ್ನ ಏನಂತ ಕರೀಬೇಕು?"

ಶಿವರಾಜ್ ಗುಂಡಯ್ಯನ ಕಡೆ ತಿರುಗಿ, ಮೈಕ್ ಆಫ್ ಮಾಡೆಂದು ಸನ್ನೆ ಮಾಡಿದ.

ಮಾರನೆಯ ದಿನ ಚೆನ್ನಮ್ಮನ ಸಭೆ. ಗುಂಡಯ್ಯನ ಕೈ ಅಭ್ಯಾಸಬಲದಿಂದ ಎಕೋ ಗುಂಡಿಯ ಕಡೆಗೆ ಹೋಗಿ ವಾಪಸ್ ಬಂತು. "ಯು... ಯುಗಾದಿಗೆ ಆಗಲ್ಲ," ಎಂದಳು ಚೆನ್ನಮ್ಮ. "ಒಂದ್ ವರ್ಷ ಬೇಕು. ಮೊ... ಮೊದ್ಲು ಕೆಳಗಿನ ಬೀದಿ, ಆಮೇಲೆ ಮೇಲಿನ್ದು. ಕೆಲ್ಸ ನಿಂತ್ರೆ ನನ್ ಮನೆ ಬಾಗ್ಲಿಗೆ ಬನ್ನಿ." ಅಷ್ಟೇ ಭಾಷಣ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ.

ಚೆನ್ನಮ್ಮ ಗೆದ್ದಳು. ಗುಂಡಯ್ಯ ಎದೆಯುಬ್ಬಿಸಿಕೊಂಡು ಮನೆಗೆ ಬಂದ. "ನನ್ ಓಟೂ ಆಯಮ್ಮಂಗೇ ಕಣೇ!"

"ಒಳ್ಳೇದಾಯ್ತು ಬುಡು," ಎಂದು ಚಿಕ್ಕಮಾರಮ್ಮ ಎರಡು ಖಾಲಿ ಬಿಂದಿಗೆ ತಂದು ಅವನ ಮುಂದಿಟ್ಟಳು. "ನಲ್ಲಿ ಬರೋಗಂಟ ನೀನೇ ಹೊರು. ಹಳೇ ಓಟೂ ನಿಂದೇ ಅಲ್ವಾ?"