ಒರೆಸಿದ ಲೇತ್, ಒರೆಸದ ಲೇತ್

ನಾಗಸಂದ್ರದಲ್ಲಿ ಮೆಟ್ರೊ ಇಳಿದು ನಡೆಯುತ್ತಿದ್ದೆ. ಯಾವುದೋ ಶೆಡ್ಡಿನಿಂದ ಸೀಮೆಎಣ್ಣೆಯ ವಾಸನೆ ಬಂತು. ಒಳಗೆ ಒಬ್ಬರು ಮೆಷಿನ್ ಒರೆಸುತ್ತಿದ್ದರು. ಸಣ್ಣ ಕಾರ್ಖಾನೆಗಳೇ ತುಂಬಿರುವ ಪೀಣ್ಯದ ಕಡೆ ಇದೇನು ಹೊಸದಲ್ಲ, ಆದರೂ ನಿಂತುಬಿಟ್ಟೆ. ನಮ್ಮ ಪಕ್ಕದ ಶೆಡ್ಡಿನ ಯಜಮಾನರು ನೆನಪಾದರು...

ಆಗ ನಾನು ರಟ್ಟಿನ ಪೆಟ್ಟಿಗೆ ಮಾಡಿಸುತ್ತಿದ್ದೆ. ಅವರದು ಕಬ್ಬಿಣ ಕಡೆಯುವ ಎರಡು ಲೇತ್‌ಗಳ ಪುಟ್ಟ ವರ್ಕ್‌ಶಾಪ್. ಬೆಳಿಗ್ಗೆ ಕಾಫಿಗೂ ಮೊದಲು ಲೇತ್ ಒರೆಸಿ, ಕುಂಕುಮ ಇಟ್ಟು, ಕೈಮುಗಿಯುತ್ತಿದ್ದರು. ಮನೆಯವರನ್ನೂ ಹೀಗೇ ನೋಡಿಕೊಳ್ಳುತ್ತೀರಾ ಎಂದು ರೇಗಿಸಿದರೆ ನಗುತ್ತಿದ್ದರು.

ಒಂದು ಭಾನುವಾರದ ಮಳೆಗೆ ಮೋರಿ ಉಕ್ಕಿ ಅವರ ಶೆಡ್ಡಿಗೆ ನೀರು ನುಗ್ಗಿತು. ಮಾರನೆಯ ಬೆಳಿಗ್ಗೆ ಶಟರ್ ಎತ್ತಿದವರೇ ಪ್ಯಾಂಟ್ ಮಡಚಿಕೊಂಡು ಒಂದು ಲೇತನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ಬಳಿದು, ಕುಂಕುಮವನ್ನೂ ಇಟ್ಟರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ವಿಮೆ ಏಜೆಂಟ್ ಓಡಿ ಬಂದ. "ಸರ್ವೇಯರ್ ಬರೋವರ್ಗೂ ಏನೂ ಮುಟ್ಬೇಡಿ ಸಾರ್" ಎಂದ. ಅದನ್ನು ಹಾಗೇ ಬಿಟ್ಟರು. ಹಾನಿಯ ಅಂದಾಜು ಮಾಡಬೇಕಾದ ಆ ಸರ್ವೇಯರ್ ಇವತ್ತು ನಾಳೆ ಎನ್ನುತ್ತಲೇ ಕಾಲ ತಳ್ಳಿದರು. ತುಕ್ಕು ಹಿಡಿಯುವುದನ್ನು ನೋಡಲಾರದೆ ಯಜಮಾನರು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು.

ಕೊನೆಗೆ ವಿಮೆಯವರು ಎರಡಕ್ಕೂ ಪರಿಹಾರ ಇಲ್ಲ ಎಂದರು. ತೊಳೆದ ಲೇತ್ ತಿರುಗುತ್ತಿತ್ತು, ಆದರೆ ಅಳತೆ ಸರಿಯಾಗಿ ಬರುತ್ತಿರಲಿಲ್ಲ. ಅದು ಹಳೆಯ ಸವೆತವಂತೆ, ನೀರಿನ ಹಾನಿ ಎಲ್ಲೂ ಕಾಣುತ್ತಿಲ್ಲವಂತೆ. ಇನ್ನೊಂದನ್ನು ಕಾಪಾಡಲು ಇವರು ಪ್ರಯತ್ನವನ್ನೇ ಮಾಡಿಲ್ಲವಂತೆ. ನನ್ನ ತಲೆ ಕೆಟ್ಟುಹೋಯಿತು. ಇಬ್ಬರೂ ವಕೀಲರ ಹತ್ತಿರ ಹೋದೆವು. ಪುರಾವೆಯನ್ನು ಉಳಿಸಬೇಕು ಎನ್ನುವುದೂ ನಿಜ, ವಸ್ತುವನ್ನು ಉಳಿಸಬೇಕು ಎನ್ನುವುದೂ ನಿಜ, ಕೇಸು ಹಾಕೋಣ ಎಂದರು.

"ಒರೆಸ್ಬೇಕಿತ್ತಾ, ಬಿಡ್ಬೇಕಿತ್ತಾ? ನೀವಾದ್ರೂ ಹೇಳಿ ಸಾರ್" ಎಂದು ದಾರಿಯುದ್ದಕ್ಕೂ ಯಜಮಾನರು ಕೇಳಿದರು.

ಕೇಸು ನಡೆಯುತ್ತಿರುವಾಗಲೇ ಲೇತ್‌ಗಳು ಗುಜರಿಗೆ ಹೋದವು. ಆಮೇಲೆ ಯಜಮಾನರೂ ಹೋಗಿಬಿಟ್ಟರು...

ಆವತ್ತು ನಾಗಸಂದ್ರದಿಂದ ಮನೆಗೆ ಬಂದು ಇದನ್ನೆಲ್ಲ ಅಳಿಯನಿಗೆ ಹೇಳಿದೆ. "ಫೋಟೊ ತೆಕ್ಕೊಂಡು ಆಮೇಲೆ ಒರೆಸಿದ್ರೆ ಆಗೋಗ್ತಿತ್ತಲ್ಲ ಮಾವ" ಎಂದ. ಅಷ್ಟೇನಾ? ಹಾಗೆ ಮಾಡಿದ್ದರೂ ವಿಮೆಯವರು ಇನ್ನೇನಾದರೂ ಕೊಕ್ಕೆ ಹಾಕುತ್ತಿದ್ದರೋ ಏನೋ, ನನಗೆ ಇವತ್ತಿಗೂ ತಿಳಿಯದು. ಹೇಳೋಣವೆಂದರೆ ಅವರಿಲ್ಲ, ಅದೇ ಸಂಕಟ. ಆ ಬೆಳಿಗ್ಗೆ ಯಜಮಾನರು, ನೀರಿಗೆ ಬಿದ್ದೀತು ಎಂದು ತಮ್ಮ ಕ್ಯಾಮೆರಾ ಫೋನನ್ನು ನನ್ನ ಕೈಗೆ ಕೊಟ್ಟು ಲೇತ್ ತೊಳೆಯಲು ಕೂತಿದ್ದರು. ತೊಳೆದು ಮುಗಿಸುವವರೆಗೂ ನಾನು ಅದನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.