ಎಂಟರ ಜಪಸರ

ಆರೋಗ್ಯಮ್ಮನ ಬೆರಳ ತುದಿ ನೋಡಿದವರು ಅವಳ ಕಸುಬು ಏನೆಂದು ಕೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ಕುದಿನೀರಿನಲ್ಲಿ ರೇಷ್ಮೆಗೂಡು ಆಡಿಸಿ, ಎಳೆ ತೆಗೆದು ಚರಕಕ್ಕೆ ಕೊಟ್ಟ ಕೈ ಅದು. ಬೆರಳು ಬಿಳಿಚಿಕೊಂಡು, ಉಬ್ಬಿ, ಗೆರೆಗಳೆಲ್ಲ ಅಳಿಸಿ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಇವಳನ್ನು ಆರೋಗ್ಯಮ್ಮ ಎಂದು ಒಪ್ಪದೆ ತಿಂಗಳು ತಿಂಗಳೂ ಹಟ ಹಿಡಿಯುತ್ತಿತ್ತು. ನಾನು ನಾನೇ ಕಣಪ್ಪ ಎಂದು ಅವಳು ಯಂತ್ರಕ್ಕೆ ಹೇಳಿ ನೋಡುತ್ತಿದ್ದಳು. ಅದು ಬಾಯಿಮಾತು ನಂಬುವ ಜಾತಿಯದಲ್ಲ.

ಹುಟ್ಟಿದ್ದು ಕೌದಳ್ಳಿಯಾಚೆ, ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ ಆಡುವ ಕ್ರೈಸ್ತರ ಮನೆಯಲ್ಲಿ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದವಳು ನೂಲು ಬಿಚ್ಚುವ ಶೆಡ್ಡು ಸೇರಿದಳು. ಮೊದಲ ಎರಡು ಮಕ್ಕಳು ಕೈಗೆ ಬಂದು ಹೋದವು. ಮೂರನೆಯದು ರೂಪ. ಅಂಗೈಯಗಲದ ಆ ಕೂಸನ್ನು ಎದೆಗೊತ್ತಿಕೊಂಡು ಆರೋಗ್ಯಮ್ಮ ಮಾತೆ ಮರಿಯಮ್ಮನವರಿಗೆ ಹರಕೆ ಹೊತ್ತಳು: ಇದನ್ನು ಉಳಿಸಿಕೊಡು, ಉಸಿರಿರುವ ತನಕ ದಿನಕ್ಕೊಂದು ಜಪಸರ ತಪ್ಪಿಸುವುದಿಲ್ಲ. ಕೂಸು ಉಳಿಯಿತು. ಹರಕೆಯೂ ಉಳಿಯಿತು.

ಜಪಸರವೆಂದರೆ ಹತ್ತು ಹತ್ತು ಮಣಿಯ ಐದು ಸುತ್ತು. ಮಣಿಗೊಂದು ಮರಿಯಮ್ಮನ ಪ್ರಾರ್ಥನೆ. ಹತ್ತು ಮುಗಿದರೆ ಪಿತನಿಗೂ ಸುತನಿಗೂ ಸ್ತುತಿ ಹೇಳಿ ಮುಂದಿನ ಸುತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ ಕೈ ಬಿಸಿನೀರಿನಲ್ಲಿರುವವಳು ಮಣಿ ಹಿಡಿಯುವುದೆಲ್ಲಿ? ಅವಳೇ ಒಂದು ದಾರಿ ಮಾಡಿಕೊಂಡಳು. ಒಂದು ಗೂಡಿನ ಎಳೆ ತೀರಿದಾಗ ಇನ್ನೊಂದು ಗೂಡಿನ ಎಳೆಯನ್ನು ಓಡುವ ನೂಲಿನತ್ತ ಎಸೆಯಬೇಕಲ್ಲ, ಆ ಎಸೆತಕ್ಕೊಂದು ಪ್ರಾರ್ಥನೆ. ಹಲವು ಗೂಡಿನ ಎಳೆ ಕೂಡಿದರೆ ಒಂದು ನೂಲು; ಆ ನೂಲಿಗೆ ಬೇಕಾದ ಗೂಡಷ್ಟೂ ಬದಲಾದರೆ ಒಂದು ಸುತ್ತು. ಸರ ಮನೆಯ ಮೊಳೆಯಲ್ಲಿ ನೇತಾಡಿಕೊಂಡಿತ್ತು. ಜಪ ಮಾತ್ರ ಶೆಡ್ಡಿನಲ್ಲಿ ಚರಕದ ಸದ್ದಿಗೆ ಸರಿಯಾಗಿ ನಡೆಯುತ್ತಿತ್ತು, ತಾಯಿಯ ಕಡೆಯ ತಮಿಳಿನಲ್ಲಿ.

ಎದುರು ಕೂತು ಚರಕ ತಿರುಗಿಸುತ್ತಿದ್ದವಳು ಸುವರ್ಣಮ್ಮ, ಬೆಟ್ಟದ ಮಾದಪ್ಪನ ಒಕ್ಕಲು. ಆ ತಮಿಳಿನ 'ಮರಿಯೇ' ಎಂಬುದನ್ನು ಕೇಳಿ, ಈಯಮ್ಮ ದಿನವಿಡೀ ಮನೆಯಲ್ಲಿ ಬಿಟ್ಟು ಬಂದ ಮಗಳನ್ನು ಮರಿ, ಮರಿ ಎಂದು ಕರೆಯುತ್ತಾಳೆಂದೇ ನಾಲ್ಕು ವರ್ಷ ನಂಬಿದ್ದಳು. ನಿಜ ತಿಳಿದ ಮೇಲೂ ಅದನ್ನು ಮರಿ ಹಾಡು ಎನ್ನುವುದನ್ನು ಬಿಡಲಿಲ್ಲ. ಆರೋಗ್ಯಮ್ಮನೂ ತಿದ್ದಲು ಹೋಗಲಿಲ್ಲ.

ಶೆಡ್ಡಿನ ಯಜಮಾನ ಮಹದೇವಪ್ರಸಾದ್ ಈ ವರ್ಷ ಯುಗಾದಿ ಕಳೆದ ಮೇಲೆ ದೊಡ್ಡ ಯಂತ್ರ ತರಿಸಿದ. ನೂಲು ತೆಳ್ಳಗಾದರೆ ತಾನೇ ತಿಳಿದುಕೊಂಡು ತಾನೇ ಗೂಡು ಹಾಕಿಕೊಳ್ಳುವ ಯಂತ್ರ. ಬೂದುಗುಂಬಳ ಒಡೆದು, ಕುಂಕುಮ ಹಚ್ಚಿ, ಇನ್ನು ಮೇಲೆ ನೀನು ಕೈ ಸುಟ್ಟುಕೊಳ್ಳಬೇಕಾಗಿಲ್ಲ ಆರೋಗ್ಯಮ್ಮ ಎಂದು ಹೇಳಿದ, ಉಪಕಾರ ಮಾಡಿದವನ ಮುಖದಲ್ಲಿ. ಉಪಕಾರವೇನೋ ನಿಜ. ಚರಕಗಳು ಗುಜರಿಗೆ ಹೋದವು, ಅರ್ಧ ಜನ ಮನೆಗೆ ಹೋದರು, ಸುವರ್ಣಮ್ಮ ಗೂಡು ಆರಿಸುವ ಕೆಲಸಕ್ಕೆ ಹೋದಳು. ಆರೋಗ್ಯಮ್ಮ ಯಂತ್ರದ ಮುಂದೆ ನಿಂತು ಹರಿದ ಎಳೆ ನೋಡಿಕೊಳ್ಳುವವಳಾದಳು. ಮೂವತ್ತೊಂದು ವರ್ಷಕ್ಕೆ ಮೊದಲ ಬಾರಿ ಕೈ ಒಣಗಿತು. ಅದರ ಜೊತೆಗೆ ಜಪವೂ ಒಣಗಿತು. ಮಾತುಗಳು ಬಾಯಿಗೆ ಬರುತ್ತಿದ್ದವು, ಆದರೆ ಎಸೆಯಲು ಗೂಡಿಲ್ಲದೆ ಯಾವುದರ ಹಿಂದೆ ಯಾವುದು ಎಂದು ತಿಳಿಯದೆ ನಿಂತುಬಿಡುತ್ತಿದ್ದವು. ಸಂಜೆ ಮನೆಗೆ ಬಂದು ಮೊಳೆಯ ಸರ ತೆಗೆದುಕೊಂಡರೆ ನುಣ್ಣನೆಯ ಬೆರಳಿಗೆ ಮಣಿ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಹಾಗಿರುವಾಗ ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ದಿನಕ್ಕೊಂದು ಮನೆಯಲ್ಲಿ ಕೇರಿಯವರು ಸೇರುತ್ತಾರೆ, ಆ ಮನೆಯವರೇ ಜಪ ನಡೆಸಬೇಕು; ಅವರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಸೇರಿದವರು ಉಳಿದರ್ಧವನ್ನು ಉತ್ತರವಾಗಿ ಹೇಳುತ್ತಾರೆ. ಆರೋಗ್ಯಮ್ಮನ ಸರದಿ ಎರಡನೇ ವಾರಕ್ಕೆ ಬಂತು. ಹಿಂದೆಲ್ಲ ಜಪ ನಡೆಸುತ್ತಿದ್ದ ಗಂಡ ತೀರಿಕೊಂಡಿದ್ದ, ರೂಪ ಯಳಂದೂರಿನ ಗಂಡನ ಮನೆಯಲ್ಲಿ ಎಂಟು ತಿಂಗಳ ಬಸುರಿ. ಹಾಗಾಗಿ ಇವಳೇ ಕೂತಳು. ಕನ್ನಡದಲ್ಲಿ ಗಟ್ಟಿಯಾಗಿ ಶುರುಮಾಡಿದಳು. ಎಂಟಾಯಿತು, ಪಿತನಿಗೂ ಸುತನಿಗೂ ಎಂದಳು. ಜನ ಅರೆಬಾಯಿ ತೆರೆದು ನಿಂತರು.

ಚರ್ಚಿನಲ್ಲಿ ಮೇಣದ ಬತ್ತಿಯಿಂದ ಕಾಣಿಕೆ ಡಬ್ಬದವರೆಗೆ ಎಲ್ಲಕ್ಕೂ ಮೇಲ್ವಿಚಾರಕನಾದ ಸವರಿಯಪ್ಪ, ಇನ್ನೂ ಎರಡಿದೆಯಮ್ಮ ಎಂದ. ಅವಳು ನಾಚಿ ಎರಡು ಸೇರಿಸಿದಳು. ಮುಂದಿನ ಸುತ್ತೂ ಎಂಟಕ್ಕೇ ನಿಂತಿತು. ಮೂರನೆಯದೂ. ಹಿಂದೆ ಯಾರೋ ಕಿಸಕ್ಕೆಂದರು.

"ಏನಮ್ಮ, ಮಾತೆಗೆ ಪಾವು ಸೇರಲ್ಲಿ ಕಮ್ಮಿ ಅಳೀತಿದ್ದೀಯಾ?" ಎಂದ ಸವರಿಯಪ್ಪ. ಅವನಿಗೆ ಅದು ತಮಾಷೆ.

ಆರೋಗ್ಯಮ್ಮನಿಗೆ ಆಗ ಹೊಳೆಯಿತು. ಶೆಡ್ಡಿನಲ್ಲಿ ನೂಲಿಗೆ ಗೂಡು ಎಂಟು. ಹತ್ತಲ್ಲ, ಎಂಟು. ಗೂಡು ಎಣಿಸುವ ಕೈಗೆ ಅದು ಮೊದಲ ದಿನದಿಂದ ಗೊತ್ತಿದ್ದ ಸಂಗತಿ. ಜಪ ಮಾಡುವ ಬಾಯಿಗೆ ಮಾತ್ರ ಯಾರೂ ಹೇಳಿರಲಿಲ್ಲ. ರೂಪ ಹುಟ್ಟಿದಾಗಿನಿಂದ ಇಪ್ಪತ್ತೇಳು ವರ್ಷ, ಒಂದು ದಿನವೂ ತಪ್ಪದೆ, ಅವಳು ಹರಕೆಯನ್ನು ಕಡಿಮೆ ತೂಗಿದ್ದಳು. ಮಗಳನ್ನು ಕೊಟ್ಟವರು ಈಗ ವಾಪಸು ಕೇಳಿದರೆ?

ಮಾರನೆಯ ದಿನ ಫಾದರ್ ಬಳಿಗೆ ಹೋಗಿ ಒಪ್ಪಿಕೊಂಡಳು. ಫಾದರ್ ಇನ್ನೂ ಎಳೆಯ ವಯಸ್ಸಿನವರು. ನಗುವನ್ನು ತಡೆದುಕೊಂಡು, ದೇವರು ತಕ್ಕಡಿ ಹಿಡಿದು ಕೂತಿಲ್ಲಮ್ಮ ಎಂದರು. ಸರಿ ಸಾಮಿ ಎಂದು ಬಂದಳು. ನಂಬಿ ಬರಲಿಲ್ಲ. ಗೂಡಿನ ಮಾರುಕಟ್ಟೆ ನೋಡಿದವಳು ಅವಳು. ತಕ್ಕಡಿಯಿಲ್ಲದೆ ವ್ಯವಹಾರಕ್ಕೆ ಕೂತವರನ್ನು ಇದುವರೆಗೆ ಕಂಡಿರಲಿಲ್ಲ.

ಮೂರು ದಿನ ಕಳೆದು ಮಧ್ಯಾಹ್ನ ಫೋನ್ ಬಂತು. ರೂಪಳಿಗೆ ಬಿಪಿ ವಿಪರೀತ ಏರಿ, ಕೈಕಾಲು ಊದಿ, ಯಳಂದೂರಿನಿಂದ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತರುತ್ತಿದ್ದರು. ಆರೋಗ್ಯಮ್ಮ ಹೋಗುವ ಹೊತ್ತಿಗೆ ಆಪರೇಷನ್ನಿಗೆ ಒಳಗೆ ಒಯ್ದಾಗಿತ್ತು. ತಾಯಿ ಮಗು ಇಬ್ಬರ ಬಗ್ಗೆಯೂ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅಳಿಯ ಕಾಗದಗಳಿಗೆ ಸಹಿ ಹಾಕಿ ರಕ್ತಕ್ಕೆ ಓಡಿದ. ಸುದ್ದಿ ಕೇಳಿ ಸುವರ್ಣಮ್ಮ ಮೈಮೇಲಿನ ಗೂಡಿನ ನಾರನ್ನೂ ಕೊಡವದೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು.

ಆರೋಗ್ಯಮ್ಮ ಸರವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅಕ್ಕ, ಮರಿ ಹಾಡು ಯೋಳಾಕಿಲ್ವಾ?" ಎಂದಳು ಸುವರ್ಣಮ್ಮ.

"ಬಾಯಿ ಬರಾಕಿಲ್ಲ ಕಣಮ್ಮಿ. ಇಪ್ಪತ್ತೇಳು ವರ್ಸ ಎಂಟೆಂಟೇ ಯೋಳಿವ್ನಿ. ಈಗ ಯಾವ ಮಕ ಇಟ್ಕಂಡು ಕೇಳ್ಲಿ?"

ಸುವರ್ಣಮ್ಮನಿಗೆ ವಿಷಯ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಯಂತ್ರಕ್ಕೂ, ಸವರಿಯಪ್ಪನಿಗೂ ಒಂದೊಂದು ಬೈಗುಳ ಹಂಚಿದಳು. ಆಮೇಲೆ ಗೋಡೆಯನ್ನು ನೋಡುತ್ತ ಮೆಲ್ಲಗೆ ಹೇಳಿದಳು:

"ಎಂಟೆಳೆ ನೂಲಲ್ಲಿ ನೇಯ್ದ ಸೀರೆ ಯಾರಾರ ವಾಪಸ್ ತಂದಿದ್ರಾ? ನಾನು ಕೆಲ್ಸಕ್ಕೆ ಬಂದ ಒಸದ್ರಲ್ಲಿ ಎಳೆಗೆ ಎಳೆ ಗಂಟಾಕಾಕೆ ಓಗಿದ್ದೆ. ನೀನೇನಂದೆ? ಗಂಟಾಕಬ್ಯಾಡ ಕಣಮ್ಮಿ, ಎಸಿ ಸಾಕು, ಓಡೋ ಎಳೆ ತಾನೇ ಇಡ್ಕತದೆ ಅಂದೆ. ಎಸಿ ಅತ್ಲಾಗೆ."

ಆರೋಗ್ಯಮ್ಮ ಅವಳ ಮುಖ ನೋಡಿದಳು. ಆ ಮಾತನ್ನು ಅವಳು ಹೊಸದಾಗಿ ಬಂದ ಎಷ್ಟೋ ಹೆಂಗಸರಿಗೆ ಹೇಳಿದ್ದಳು. ಕೆಲಸ ಕಲಿಯದವರೆಲ್ಲ ಮಾಡುವ ತಪ್ಪು ಅದೊಂದೇ: ತಮ್ಮ ಬೆರಳೇ ಗಂಟು ಹಾಕದಿದ್ದರೆ ನೂಲು ನಿಲ್ಲದು ಎಂಬ ಭಯ. ಗೂಡಿನ ಎಳೆ ಕಣ್ಣಿಗೂ ಕಾಣದಷ್ಟು ಸಣ್ಣದು. ಅದನ್ನು ಓಡುವ ನೂಲಿನತ್ತ ಬಿಟ್ಟುಕೊಟ್ಟರೆ ಸಾಕು, ನೂಲೇ ಎಳೆದುಕೊಳ್ಳುತ್ತದೆ. ಮೂವತ್ತೊಂದು ವರ್ಷದಲ್ಲಿ ಅದು ಹಿಡಿದುಕೊಳ್ಳದೆ ಬಿಟ್ಟದ್ದನ್ನು ಅವಳು ಕಂಡಿರಲಿಲ್ಲ. ದಿನವೂ ಕೈಯಲ್ಲಿ ಮಾಡಿದ ಕೆಲಸವನ್ನು ಮನಸ್ಸು ಒಂದು ದಿನವೂ ಮಾಡಿರಲಿಲ್ಲ.

ಸರವನ್ನು ಮಡಿಲಿಗೆ ಬಿಟ್ಟಳು. ಒಣಗಿದ ಕೈಯನ್ನು, ಕುದಿನೀರಿನ ಬಾಣಲೆಯ ಮುಂದೆ ಕೂತಾಗ ಎತ್ತುವಷ್ಟೇ ಎತ್ತಿ, ತಮಿಳಿನಲ್ಲಿ ಶುರುಮಾಡಿದಳು. ಎಷ್ಟು ಹೇಳಿದಳೋ ಅವಳು ಎಣಿಸಲಿಲ್ಲ. ಎಣಿಸಬಹುದಾಗಿದ್ದ ಸುವರ್ಣಮ್ಮ ತನಗೆ ಬಂದಷ್ಟು 'ಮರಿಯೇ' ಸೇರಿಸುತ್ತ ಕೂತಿದ್ದಳು.

ನರ್ಸ್ ಬಂದು ಹೆಣ್ಣುಮಗು ಎಂದಳು. ತಾಯಿ ಸದ್ಯಕ್ಕೆ ಪರವಾಗಿಲ್ಲ, ಮಗು ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಇನ್ನೂ ಎಷ್ಟು ದಿನ ಎಂದು ಹೇಳಲಾಗದು. ಆರೋಗ್ಯಮ್ಮ ಗಾಜಿನಾಚೆಯಿಂದ ನೋಡಿದಳು. ಅಂಗೈಯಗಲ. ಹೊಸ ಹರಕೆ ಹೊರುವ ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ನಿನ್ನದು ತಾಯಿ ಎಂದಷ್ಟೇ ಮಾತೆಗೆ ಹೇಳಿ ಬಂದಳು.

ಅಕ್ಟೋಬರ್ ತಿಂಗಳ ಕೊನೆಯ ಸಂಜೆ ಜಪ ಸವರಿಯಪ್ಪನ ಮನೆಯಲ್ಲಿ. ಮಗು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಕೊನೆಯ ಸುತ್ತನ್ನು ನಡೆಸಲು ಅವನು ತಾನಾಗಿಯೇ ಆರೋಗ್ಯಮ್ಮನನ್ನು ಕರೆದ. ಹಿಂದಿನ ತಮಾಷೆ ಅವನನ್ನೂ ಚುಚ್ಚಿರಬೇಕು. ಎಲ್ಲರೂ ಎಂಟಕ್ಕೆ ಕಿವಿ ನೆಟ್ಟು ಕೂತರು. ಎಂಟು ದಾಟಿತು. ಹತ್ತೂ ದಾಟಿತು. ಅವಳು ನಿಲ್ಲಲಿಲ್ಲ. ಎಳೆ ತೆಳ್ಳಗಾಯಿತು ಎನ್ನಿಸಿದಾಗ ಗೂಡು ಇನ್ನೊಂದು ಹಾಕುವವಳ ಹಾಗೆ, ಕಣ್ಣು ಮುಚ್ಚಿಕೊಂಡು, ಕೈಯನ್ನು ಸ್ವಲ್ಪವೇ ಎತ್ತುತ್ತ ಇಳಿಸುತ್ತ ಮುಂದೆ ಮುಂದೆ ಹೋದಳು.

ಸವರಿಯಪ್ಪ ತಿದ್ದಲೆಂದು ಬಾಯಿ ತೆರೆದ. ತೆರೆದ ಬಾಯಲ್ಲಿ, ಉಳಿದವರ ಜೊತೆಗೆ, ಉತ್ತರ ಹೇಳಿದ.